ಕೆಂಪು ಕಾರಿಗೆ ತಣ್ಣನೆಯ ಗಾಳಿ

ಹುಬ್ಬಳ್ಳಿ, ಫೆಬ್ರವರಿ ಮೂವತ್ತು, 2191

ತಾಯಿ ಮಂದಾಕಿನಿಯವರಿಗೆ, ನಿಮ್ಮ ಏಳನೆಯ ತಲೆಮಾರಿನ ಶಿವಲೀಲಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನಗಳಿವೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ನೀವು ಆಸೆಪಟ್ಟು ಕೊಂಡ ಕೆಂಪು ಕಾರು ಈಗ ನನ್ನದು ಮತ್ತು ಅಣ್ಣ ಇಂದುಧರನದು. ಪೆಟ್ರೋಲ್ ಸುಡುವ ಇಂಥ ವಾಹನಗಳನ್ನು ನಾವು ‘ಉರಿಗಾಡಿ’ ಎನ್ನುತ್ತೇವೆ. ವರ್ಷಕ್ಕೊಮ್ಮೆ ಬರುವ ಹೊಗೆಹಬ್ಬ ಮತ್ತು ಅದರ ತಾಲೀಮಿನ ದಿನಗಳಲ್ಲಿ ಮಾತ್ರ ಅವು ನರಗುಂದದ ಗುಡ್ಡ ಹತ್ತಬಹುದು. ಹಬ್ಬದ ದಿನ ಗೊತ್ತುಮಾಡಿದ ಹೊತ್ತಿನೊಳಗೆ ತುದಿ ಮುಟ್ಟದ ಗಾಡಿಯ ಎಂಜಿನ್ನಿಗೆ ಮೊಹರು ಹಾಕಿ ವಸ್ತುಸಂಗ್ರಹಾಲಯಕ್ಕೆ ಒಯ್ಯುತ್ತಾರೆ. ಹೋದ ವರ್ಷ ನಾವು ಹೇಗೋ ಪಾರಾಗಿದ್ದೆವು.

ಈಗಿನ ಬಿಸಿಲು ನಿಮ್ಮ ಕಾಲದ ಬಿಸಿಲಲ್ಲ. ಕಾದ ಗಾಳಿ ತೆಳ್ಳಗಿರುತ್ತದೆ. ಅದನ್ನು ಹೀರಿದ ಎಂಜಿನ್ ಸೊರಗುತ್ತದೆ. ಅದಕ್ಕೇ ಗಾಳಿ ಒಯ್ಯುವ ಕೊಳವೆಯನ್ನೂ ಫಿಲ್ಟರನ್ನೂ ಬದಲಿಸಲು ಹೊರಟೆವು. ಜಗಳ ಶುರುವಾದದ್ದೇ ಅಲ್ಲಿ. ಬಾನೆಟ್ಟಿನ ಒಳಗೇ ಬಾಯ್ತೆರೆದು ಕೂರುವ ದೊಡ್ಡ ಫಿಲ್ಟರು ಅಣ್ಣನಿಗೆ ಬೇಕಿತ್ತು. ಫಿಲ್ಟರನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಬಂಪರಿನ ಹಿಂದಿನಿಂದ ಹೊರಗಿನ ಗಾಳಿ ತರೋಣ ಎಂದೆ ನಾನು.

“ಅಪ್ಪ ಇದ್ದಾಗ ಈ ಗಾಡಿ ಹೆಂಗ ಗುಡಗ್ತಿತ್ತು, ಮರತಿಯೇನು? ನನಗ ಆ ಸಪ್ಪಳ ಬೇಕವಾ,” ಎಂದ.

ಆ ಮಾತಿಗೆ ಸೋತೆ. ಅವನಿಷ್ಟದಂತೆಯೇ ಜೋಡಿಸಿದೆವು. ತಾಲೀಮಿನ ದಿನ ಮೊದಲ ತಿರುವಿನವರೆಗೆ ಕಾರು ಗುಡುಗಿತು, ಅಣ್ಣ ಸೀಟಿನಲ್ಲೇ ಕುಣಿದ. ಆಮೇಲೆ ಎಂಜಿನ್ನಿನ ಬಿಸಿಯನ್ನೇ ಹೀರಿ ಹೀರಿ, ಸಪ್ಪಳ ಉಳಿಯಿತೇ ಹೊರತು ಶಕ್ತಿ ಉಳಿಯಲಿಲ್ಲ. ನಡುಗುಡ್ಡದಲ್ಲೇ ಹೊತ್ತು ಮೀರಿತು. ಅಣ್ಣ ಸ್ಟೇರಿಂಗಿಗೆ ಹಣೆಯಿಟ್ಟು ಕುಳಿತುಬಿಟ್ಟ.

“ಎಲ್ಲಾ ನಾ ಕೆಡಿಸಿದೆ ನೋಡು.”

“ಫಿಲ್ಟರ್ ನೀ ಆರಿಸಿದ್ದ ಇರಲಿ ಯಣ್ಣಾ. ಅದಕ್ಕೊಂದು ಪೆಟ್ಟಿಗಿ ಮಾಡೂಣು, ತಣ್ಣನ ಗಾಳಿ ಕೊಡೂಣು. ಏಳು,” ಎಂದೆ.

ತಗಡು ಬಗ್ಗಿಸಿ ಪೆಟ್ಟಿಗೆ ಮಾಡಿದೆವು, ಅಂಚಿಗೆ ರಬ್ಬರು ಕೊಟ್ಟೆವು. ಕೊಳವೆಯನ್ನು ರೇಡಿಯೇಟರಿನ ಪಕ್ಕದಿಂದ ಮುಂದಕ್ಕೆಳೆದು, ರಸ್ತೆಯ ನೀರು ಹೊಗದಷ್ಟು ಎತ್ತರದಲ್ಲಿ ಅದರ ಬಾಯಿಟ್ಟೆವು. ಸ್ಟಾರ್ಟ್ ಮಾಡಿದರೆ ಎಂಜಿನ್ ಏರುತ್ತ ಇಳಿಯುತ್ತ ತೊದಲಿತು. ನಾನು ಕಂಗೆಟ್ಟೆ. ಅಣ್ಣ ಬಗ್ಗಿ ಕಿವಿಗೊಟ್ಟ.

“ಎಲ್ಲೋ ಗಾಳಿ ಕಳ್ಳದಾರಿ ಹಿಡದೈತಿ.”

ಗಾಳಿ ಅಳೆಯುವ ಸೆನ್ಸರಿನ ಆಚೆ ಒಂದು ಕ್ಲಿಪ್ಪು ಓರೆಯಾಗಿ ಕೂತಿತ್ತು. ಬಿಗಿದೊಡನೆ ಎಂಜಿನ್ ಹದಕ್ಕೆ ಬಂತು. ಎಷ್ಟೋ ದಿನಗಳ ಮೇಲೆ ಅಣ್ಣ ನಕ್ಕ.

ನಿನ್ನೆ ಹಬ್ಬ. ಅವನು ಓಡಿಸಿದ, ನಾನು ಪಕ್ಕದಲ್ಲಿದ್ದೆ. ಗುಡುಗಿರಲಿಲ್ಲ, ಎದೆಯೊಳಗೆ ಇಳಿಯುವಂಥ ತಗ್ಗಿದ ದನಿಯಿತ್ತು. ಹೊತ್ತು ಮೀರುವ ಮೊದಲೇ ತುದಿ ಮುಟ್ಟಿದೆವು. “ಈ ಸಪ್ಪಳಾನೂ ಚೊಲೊ ಐತಿ,” ಎನ್ನುತ್ತ ಅಣ್ಣ ಕಣ್ಣೊರೆಸಿಕೊಂಡ.

ತಾಯಿ, ಒಂದು ಕೋರಿಕೆ. ನೀವೂ ಒಂದು ದಿನ ಈ ಕಾರಿಗೆ ಹೊಸ ಫಿಲ್ಟರು ಹಾಕಿಸುತ್ತೀರಿ. ಆಗ ಕಂಪನಿ ಕೊಟ್ಟ ಗಾಳಿಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ. ಬಟ್ಟೆ ಸುತ್ತಿ ಅಟ್ಟದ ಮೇಲಿಡಿ. ತಗಡು ಬಗ್ಗಿಸುವ ಮೊದಲು ಅದಕ್ಕಾಗಿ ಮನೆಯೆಲ್ಲ ತಡಕಾಡಿದೆವು, ಸಿಗಲಿಲ್ಲ. ನೀವು ಅದನ್ನು ಗುಜರಿಗೆ ಹಾಕಿಯೇಬಿಟ್ಟಿದ್ದೀರಿ ಎಂದು ಗೊತ್ತು. ಆದರೂ ಮನೆಯ ಹಿರಿಯರಲ್ಲವೆ, ಒಂದು ಮಾತು ಕೇಳಿ ನೋಡುತ್ತಿದ್ದೇನೆ.

ನಿಮ್ಮ ಕುಡಿ,
ಶಿವಲೀಲಾ