ಕ್ಯಾಸೆಟ್ಟಿನಲ್ಲಿ ಶಿವಕಾಂತಾ

ಬಿಬವೇವಾಡಿ, ಪುಣೆ
೧೨ ಜುಲೈ ೧೯೯೭

ಪ್ರಿಯ ಚನ್ನವೀರ ಅವರೇ,

ನೀವು ಅಚ್ಚು ಹಾಕಿಸುತ್ತಿರುವ ನನ್ನ ಪುಸ್ತಕದ ಕಥೆಯನ್ನು ಕಣ್ಣು ಕಾಣದ ಓದುಗರಿಗಾಗಿ ನಾನು ಓದಿ ಕಳಿಸಿದ ಕ್ಯಾಸೆಟ್ಟಿನಲ್ಲಿ ಯಾರೋ ಹೆಂಗಸಿನ ದನಿ ಸೇರಿದೆ, ಮತ್ತೊಮ್ಮೆ ಓದಿ ಕಳಿಸಿ ಎಂದು ಬರೆದಿದ್ದೀರಿ. ಅದು ನನ್ನ ಹೆಂಡತಿ ಶಿವಕಾಂತಾ. ಇಲ್ಲಿಯೇ ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ನಾನೂ ನನ್ನ ಕಥೆಗಳನ್ನು ಅವಳಿಗೆ ಎಂದೂ ಓದಿ ಹೇಳಿರಲಿಲ್ಲ. ಅಂದು ನಾನು ಕ್ಯಾಸೆಟ್ಟಿಗೆ ಓದುವಾಗ ಪಕ್ಕದಲ್ಲಿ ಕೂತು, ಮೆಂತ್ಯೆ ಪಲ್ಯದ ಎಲೆ ಬಿಡಿಸಿ ಸೋಸುತ್ತ ಕೇಳುತ್ತಿದ್ದಳು. ಕಥೆಯ ಮಗ ಮುದಿ ಅವ್ವನನ್ನು ಇಲ್ಲಿಯ ಕಾತ್ರಜ ಬಸ್ ನಿಲ್ದಾಣದಲ್ಲಿ ಊರಿನ ಬಸ್ಸಿಗೆ ಕೂಡಿಸಿ ಹೊರಟುಬಿಟ್ಟಾಗ, "ಅಯ್ಯ, ಆಕಿಗೆ ಒಂದ್ ಕಪ್ ಚಹಾನರ ಕುಡಿಸಿ ಹೋಗಬಾರದೇನ್ರಿ?" ಎಂದಳು.

ದಯವಿಟ್ಟು ಅದನ್ನು ಅಳಿಸಬೇಡಿ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಅಲ್ಲೊಂದು ವಾಕ್ಯ ಸೇರಿಸಿ: ಮಗ ಚಹಾ ತಂದುಕೊಟ್ಟು, ಅವ್ವ ಕುಡಿದು ಮುಗಿಸುವವರೆಗೂ ಕಿಟಕಿಯ ಹತ್ತಿರ ನಿಂತಿದ್ದ.

ಪುಸ್ತಕ ಬಂದ ದಿನ ಆ ಪುಟವನ್ನು ಅವಳಿಗೆ ಓದಿ ಹೇಳಬೇಕು.

ನಿಮ್ಮವ,
ಗೂಳಪ್ಪ