ಕೈಗಿಟ್ಟ ಉಪ್ಪು

ಬಟವಾಡಿ, ತುಮಕೂರು
6.8.2025, ಬುಧವಾರ

ಮುನಿಸಿಕೊಂಡು ಕೂತಿರುವ ನನ್ನ ತಂಗಿ ಲಕ್ಷ್ಮಿಗೆ, ಅಕ್ಕ ಶಕುಂತಲೆಯ ಪ್ರೀತಿ.

ಹೇಗಿದ್ದೀಯೇ? ನಿಮ್ಮ ಯಜಮಾನರು ಮಹಾಲಿಂಗಯ್ಯನವರ ಮಂಡಿನೋವು ಎಷ್ಟು ಇಳಿದಿದೆ? ಹೊಸ ಮನೆಯ ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡಬೇಡಿ ಅಂತ ಅವರಿಗೆ ಹೇಳು, ಥಂಡಿ ಹತ್ತುತ್ತದೆ. ಸೊಸೆ ತ್ರಿವೇಣಿಯ ತಲೆಸುತ್ತು ನಿಂತಿತೇ? ನಿಮ್ಮ ಮನೆಕೆಲಸದ ಚಿಕ್ಕಗಂಗಮ್ಮನ ಕಣ್ಣಿನ ಆಪರೇಷನ್ ಆಯಿತೋ, ಇನ್ನೂ ಮುಂದಕ್ಕೆ ಹಾಕುತ್ತಿದ್ದಾಳೋ? ಇಲ್ಲಿ ನಾನು, ಮಗ ಗುರುಪ್ರಕಾಶ ಇಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಅಂತ ಬರೆಯುವುದು ವಾಡಿಕೆ, ಅದಕ್ಕೆ ಬರೆದೆ.

ಫೋನ್ ಮಾಡಿದರೆ ನನ್ನ ದನಿ ಕೇಳಿದ ತಕ್ಷಣ ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡುವುದಕ್ಕೆ ಆಗುವುದಿಲ್ಲ ನೋಡು. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಓದಿಯೇ ಓದುತ್ತೀಯ, ನಿನ್ನನ್ನು ನಾನು ಎತ್ತಿ ಆಡಿಸಿದವಳು. ಗುರುಪ್ರಕಾಶ ಶಾಲೆಗೆ ಹೋಗುವಾಗ ಅವನ ಪಾಠದ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡು ಕಲಿತ ಅಕ್ಷರ ನನ್ನದು, ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಮಹಡಿ ಮನೆಯವರ ವಿಷಯಕ್ಕೇ ಬರುತ್ತೇನೆ. ಅವರು ಇಲ್ಲಿ ಇರುವವರೆಗೂ ನನ್ನ ಹೊಸ್ತಿಲು ತುಳಿಯುವುದಿಲ್ಲ ಅಂತ ನೀನು ಹೇಳಿದ್ದೀಯ. ಆದರೆ ಅವರು ಯಾರು, ಹೇಗೆ ಬದುಕುತ್ತಾರೆ ಅಂತ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇವತ್ತು ಕೇಳು.

ಅವರು ಜರ್ಮನಿಯವರು, ಮಿಷನ್ ಕಡೆಯಿಂದ ಬಂದವರು. ಗಂಡ ಥಾಮಸ್ ಚರ್ಚ್‌ನವರ ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಾನೆ. ಹೆಂಡತಿ ಇಂಗ್ರಿಡ್, ಮಗಳು ಲೀನಾ, ಆರು ವರ್ಷದ್ದು. ಹೋದ ವರ್ಷ ಬಿರು ಬೇಸಿಗೆಯಲ್ಲಿ ಬಂದರು. ಬಂದವರೇ ಮಟಮಟ ಮಧ್ಯಾಹ್ನ ಕಿಟಕಿಗಳನ್ನೆಲ್ಲ ತೆಗೆದಿಟ್ಟು, ಸಂಜೆ ತಂಗಾಳಿ ಬರುವ ಹೊತ್ತಿಗೆ ಸರಿಯಾಗಿ ಮುಚ್ಚಿಕೊಂಡು ಕೂರುತ್ತಿದ್ದರು. ಅವರ ಊರಲ್ಲಿ ಹಾಗೇ ಅಂತೆ. ಮಗುವಿನ ಮೈಯೆಲ್ಲ ಬೆವರುಸಾಲೆ ಎದ್ದು ರಾತ್ರಿಯೆಲ್ಲ ಅಳು. ನನಗೆ ತಡೆಯಲಿಲ್ಲ, ಮೇಲೆ ಹತ್ತಿ ಹೋಗಿ ಬಿಸಿಲಿಗೆ ಮುಚ್ಚಬೇಕು, ಸಂಜೆಗೆ ತೆಗೀಬೇಕು ಅಂತ ಕೈಸನ್ನೆಯಲ್ಲೇ ತೋರಿಸಿ, ಮಗುವಿಗೆ ಗಂಧ ತೇದು ಹಚ್ಚಿ ಬಂದೆ. ಮಾರನೆಯ ದಿನದಿಂದ ಆ ಮಗು ನನ್ನ ಸೆರಗು ಬಿಟ್ಟಿಲ್ಲ.

ಇನ್ನೊಂದು ಹೇಳುತ್ತೇನೆ, ನಗಬೇಡ. ಒಂದು ದಿನ ಇಂಗ್ರಿಡ್ ಬ್ರೆಡ್ಡಿಗೆ ಹಿಟ್ಟು ಕಲಸಿಟ್ಟು, ಅವರ ಊರಿನ ಲೆಕ್ಕದಲ್ಲೇ ಉಬ್ಬಲಿ ಅಂತ ಬಿಟ್ಟು ಮಾರ್ಕೆಟ್ಟಿಗೆ ಹೋಗಿದ್ದಾಳೆ. ತುಮಕೂರಿನ ಸೆಕೆ ಆ ಹಿಟ್ಟಿಗೇನು ಗೊತ್ತು? ಬಂದು ನೋಡಿದರೆ ಪಾತ್ರೆಯಿಂದ ಇಳಿದು, ಕಟ್ಟೆಯಿಂದಲೂ ಇಳಿದು ಬಾಗಿಲ ಕಡೆ ಹೊರಟಿದೆ. "ಅಮ್ಮಾ, ಹಿಟ್ಟು ಓಡಿ ಹೋಗ್ತಿದೆ!" ಅಂತ ಕೂಗುತ್ತಾ ಮೆಟ್ಟಿಲಿಳಿದು ಬಂದಳು. ನಮ್ಮ ದೋಸೆ ಹಿಟ್ಟು ಹೀಗೇ ಉಕ್ಕಿದಾಗ ಅವ್ವ ನಮ್ಮಿಬ್ಬರನ್ನೂ ಬೈದಿದ್ದು ನೆನಪಾಗಿ, ಅಲ್ಲೇ ನೆಲದ ಮೇಲೆ ಕೂತು ನಕ್ಕುಬಿಟ್ಟೆ. ಪಕ್ಕದಲ್ಲಿ ನೀನಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದೆವು.

ಮೊದಮೊದಲು ನಾನು ಸಾರು ಕಳಿಸಿದ ಪಾತ್ರೆಯನ್ನು ತಳತಳ ಅಂತ ತಿಕ್ಕಿ ಬರಿದೇ ತಂದುಕೊಡುತ್ತಿದ್ದಳು. ನನಗೆ ಒಳಗೊಳಗೇ ಸಿಟ್ಟು. ಆಮೇಲೆ, ಪಾತ್ರೆ ಬರಿದಾಗಿ ವಾಪಸ್ ಕೊಡಬಾರದು ಕಣಮ್ಮ ಅಂತ ನಾನೇ ಹೇಳಿಕೊಟ್ಟೆ. ಅಂದಿನಿಂದ ಒಮ್ಮೆ ಸಕ್ಕರೆ, ಒಮ್ಮೆ ಎರಡು ನಿಂಬೆಹಣ್ಣು, ಏನೂ ಇಲ್ಲದ ದಿನ ಲೀನಾಳ ಬಣ್ಣದ ಪೆನ್ಸಿಲ್ ಒಂದು. ನಾನೂ ಬಿಡುವುದಿಲ್ಲ, ಅವಳೂ ಬಿಡುವುದಿಲ್ಲ, ಆ ಪಾತ್ರೆ ಮೆಟ್ಟಿಲು ಹತ್ತಿ ಇಳಿದು ಸವೆದುಹೋಗಿದೆ.

ನಿನ್ನ ಮನಸ್ಸಿನಲ್ಲಿರುವುದು ನನಗೆ ಗೊತ್ತು. ಅವರು ನಮ್ಮನ್ನು ಬದಲಾಯಿಸುವುದಕ್ಕೇ ಬಂದವರು ಅಂತ ತಾನೇ? ಥಾಮಸ್ ಒಂದೇ ಒಂದು ಸಲ ಅವರ ಯೇಸುವಿನ ವಿಷಯ ಎತ್ತಿದ. ನಾನು ಇಷ್ಟಲಿಂಗ ಪೂಜೆ ಮುಗಿಸಿ ಆಗಷ್ಟೇ ಎದ್ದಿದ್ದೆ. "ನೋಡಪ್ಪ, ನಿಂಗೆ ಮಹಡಿ ಬಾಡಿಗೆಗೆ ಕೊಟ್ಟಿದೀನಿ, ನನ್ನ ದೇವರಮನೆ ಕೊಟ್ಟಿಲ್ಲ" ಅಂದೆ. ಕಿವಿಯವರೆಗೂ ಕೆಂಪಾಗಿ ನಕ್ಕ. ಮತ್ತೆ ಆ ಮಾತು ಬಂದಿಲ್ಲ. ಭಾನುವಾರ ಅವರು ಮೇಲೆ ಹಾಡುತ್ತಾರೆ, ಸೋಮವಾರ ನಾನು ಕೆಳಗೆ ಗಂಟೆ ಬಾರಿಸುತ್ತೇನೆ.

ಈಗ ನಿನ್ನ ಗೃಹಪ್ರವೇಶದ ಮಾತು. ವೈಶಾಖದ ಆ ಬಿಸಿಲಲ್ಲಿ ಅವರನ್ನು ಕುಣಿಗಲ್ ಬಸ್ ಹತ್ತಿಸಿ ಹುಲಿಯೂರುದುರ್ಗಕ್ಕೆ ಕರೆತಂದವಳು ನಾನೇ. ಇಂಗ್ರಿಡ್ ನನ್ನ ಸೀರೆ ಉಟ್ಟಿದ್ದಳು. ಬೆಳಗಿನ ಜಾವ ಎದ್ದು ಬ್ರೆಡ್ಡು ಸುಟ್ಟಿದ್ದಳು. ಹೊಸ ಮನೆ ಕಟ್ಟಿದವರಿಗೆ ಬ್ರೆಡ್ಡು, ಉಪ್ಪು ಕೊಡುವುದು ಅವರ ಕಡೆ ತಲೆತಲಾಂತರದ ಪದ್ಧತಿಯಂತೆ, ಈ ಮನೆಯಲ್ಲಿ ಊಟಕ್ಕೂ ರುಚಿಗೂ ಕೊರತೆ ಬರದಿರಲಿ ಅಂತ. ಒಳ್ಳೆಯದು ಕೊಡಬೇಕು ಅಂತ ಅಂಗಡಿಯವನನ್ನು ಕೇಳಿ ಕೇಳಿ ಎರಡು ಕೆ.ಜಿ. ಬಿಳೀ ಕಲ್ಲುಪ್ಪು ತಂದಿದ್ದಳು. ಬ್ಯಾಗಿನಲ್ಲಿ ಏನಿದೆ ಅಂತ ನಾನು ಕೇಳಿದ್ದರೆ ತಡೆಯುತ್ತಿದ್ದೆ. ಕೇಳಲಿಲ್ಲ.

ಅವಳು ನಗುನಗುತ್ತಾ ಬಂದು ಆ ಉಪ್ಪಿನ ಚೀಲವನ್ನು ನಿನ್ನ ಕೈಗೇ ಇಟ್ಟಳು. ಅಷ್ಟು ಜನದ ಮುಂದೆ. ನೀನು ಬೆಂಕಿ ಮುಟ್ಟಿದವಳ ಹಾಗೆ ಚೀಲ ಕೆಳಗೆ ಹಾಕಿದೆ. "ಏನಕ್ಕಾ ಇದು, ಕೈಗೆ ಉಪ್ಪು ಕೊಡ್ತಾವ್ಳಲ್ಲ, ಹೊಸ ಮನೇಲಿ ಜಗಳ ಹಚ್ಚೋಕೆ ಬಂದವ್ಳಾ ಇವ್ಳು?" ಅಂದೆ. ಹಿಂದಿನಿಂದ ಯಾರೋ, "ಮಂತ್ರಿಸಿ ತಂದಿರ್ತಾರೆ ಬುಡಿ, ಅವ್ರ ಕೆಲ್ಸನೇ ಅದು" ಅಂದರು. ಚಿಕ್ಕಗಂಗಮ್ಮನ ಕೈಯಲ್ಲಿ ತಿಪ್ಪೆಗೆ ಹಾಕಿಸು ಅಂತ ನೀನು ಹೇಳಿದೆ. ನಾನು ಚೀಲ ಎತ್ತಿಕೊಂಡು ಒಳಗೆ ಹೋದೆ. ಆಮೇಲೆ ಹಿತ್ತಲಲ್ಲಿ ನಾವಿಬ್ಬರೂ ಆಡಿದ ಮಾತು ಬರೆಯುವುದಿಲ್ಲ, ನಿನಗೂ ಗೊತ್ತು, ನನಗೂ ಗೊತ್ತು. ಕೈಗೆ ಉಪ್ಪು ಕೊಟ್ಟರೆ ಜಗಳ ಅನ್ನುವುದು ನಿಜವೇ ಆಯಿತಲ್ಲ ಅಂತ ನೀನು ಅನ್ನಬಹುದು. ಆದರೆ ಜಗಳ ಆಡಿದ್ದು ನಾವು ಕಣೇ, ಉಪ್ಪಲ್ಲ.

ಲಕ್ಷ್ಮಿ, ನಾವೂ ಹೊಸ ಮನೆಗೆ ಮೊದಲು ಒಯ್ಯುವುದು ಉಪ್ಪನ್ನೇ ಅಲ್ಲವೇ? ನಾವು ತಟ್ಟೆಯಲ್ಲಿ ಇಟ್ಟು ಒಯ್ಯುತ್ತೇವೆ, ಅವಳು ಕೈಗೆ ಇಟ್ಟಳು. ಅವರ ಕಡೆ ಕೈಗೆ ಕೊಟ್ಟರೇನೇ ಮನಸ್ಸಿನಿಂದ ಕೊಟ್ಟ ಹಾಗೆ.

ಮಂತ್ರಿಸಿದ ಮಾತನ್ನೂ ನಾನು ಬಿಡಲಿಲ್ಲ. "ನಿಜ ಹೇಳು, ಆ ಉಪ್ಪಿನ ಮೇಲೆ ಪ್ರಾರ್ಥನೆ ಮಾಡಿದ್ಯಾ?" ಅಂತ ಇಂಗ್ರಿಡ್ ಮುಖ ನೋಡಿ ಕೇಳಿದೆ. ಇಲ್ಲ ಅಂದುಬಿಡಬಹುದಿತ್ತು. "ಮಾಡಿದೆ ಅಮ್ಮ. ನಿಮ್ಮ ತಂಗಿ ಮನೆ ತುಂಬಿರಲಿ ಅಂತ ಕೇಳಿದೆ" ಅಂದಳು. ಯಾರ ಹೆಸರು ಹಿಡಿದು ಕೇಳಿದಳೋ, ಕೇಳಿದ್ದು ನಿನ್ನ ಮನೆಯ ಅನ್ನವನ್ನಲ್ಲವೇ?

ಅವತ್ತಿನಿಂದ ಅವಳು ಯಾರ ಕೈಗೂ ಏನನ್ನೂ ಕೊಡುವುದಿಲ್ಲ. ಹಾಲಿನವನ ದುಡ್ಡನ್ನೂ ಮೆಟ್ಟಿಲ ಮೇಲೆ ತಟ್ಟೆಯಲ್ಲಿ ಇಟ್ಟು ದೂರ ಸರಿದು ನಿಲ್ಲುತ್ತಾಳೆ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್‌ಗೆ ನೋಟು ಕೊಡುವುದಕ್ಕೂ ನನ್ನ ಮುಖ ನೋಡುತ್ತಾಳೆ, ಸರಿಯಾ ಅಂತ. ನಗು ಬರುತ್ತದೆ, ಆಮೇಲೆ ಅಯ್ಯೋ ಅನ್ನಿಸುತ್ತದೆ.

ಈಗ ಇರುವ ಸಂಕಟ ಹೇಳುತ್ತೇನೆ. ಶ್ರಾವಣದ ಮೊದಲ ಸೋಮವಾರ ನಾನು ಅಭ್ಯಾಸಬಲದಿಂದ ಎರಡು ಎಲೆ ಹಾಕಿಬಿಟ್ಟಿದ್ದೆ, ಒಂದು ನಿನಗೆ. ಇಂಗ್ರಿಡ್ ನೋಡಿ, ತಂಗಿ ಯಾಕೆ ಬರಲಿಲ್ಲ ಅಂತ ಕೇಳಿದಳು. ನಾನು ಏನೋ ಒಂದು ಹೇಳಿ ತೇಲಿಸಿದೆ. ನನ್ನ ಮಗ ಇದ್ದಾನಲ್ಲ, ಬಾಯಿ ನಿಲ್ಲದವನು, "ನೀವಿರೋವರ್ಗೂ ಚಿಕ್ಕಮ್ಮ ಬರಲ್ವಂತೆ" ಅಂತ ಇದ್ದದ್ದು ಇದ್ದ ಹಾಗೆ ಹೇಳಿದ. ಎರಡು ದಿನ ಬಿಟ್ಟು ಗಂಡ ಹೆಂಡತಿ ಕೆಳಗೆ ಬಂದರು. ಸದಾಶಿವನಗರದಲ್ಲಿ ಮನೆ ನೋಡಿದ್ದೇವೆ, ಆಗಸ್ಟ್ ಕೊನೆಗೆ ಹೋಗುತ್ತೇವೆ ಅಂದರು. "ಅಕ್ಕ ತಂಗೀನ ಬೇರೆ ಮಾಡಿ, ನಾವು ದೇವರ ಕೆಲಸಕ್ಕೆ ಬಂದೋರು ಅಂತ ಹೇಗೆ ಹೇಳೋದು ಅಮ್ಮ?" ಅಂತ ಥಾಮಸ್ ಕೇಳಿದ. ಆಗಲಿ ಅನ್ನಲಿಲ್ಲ ನಾನು, ಬೇಡ ಅಂತಲೂ ಅನ್ನಲಿಲ್ಲ. ಬೇಡ ಅಂದರೆ ನಿನ್ನನ್ನು ಬಿಟ್ಟ ಹಾಗೆ, ಆಗಲಿ ಅಂದರೆ ಆ ಮಗುವಿನ ಮುಖ ಹೇಗೆ ನೋಡಲಿ? ಮೇಲೆ ರಟ್ಟಿನ ಡಬ್ಬಿಗಳು ಬಂದಿವೆ. ಲೀನಾ ಮಾತ್ರ ತನ್ನ ಬೊಂಬೆಗಳನ್ನು ತಂದು ನನ್ನ ಮಂಚದ ಕೆಳಗೆ ಇಟ್ಟಿದ್ದಾಳೆ. ಕೇಳಿದರೆ, "ಇವು ಅಜ್ಜಿ ಮನೇವು, ಇವು ಬರಲ್ಲ" ಅನ್ನುತ್ತಾಳೆ.

ಮಾತು ಬಿಟ್ಟಿದ್ದರೂ ನೀನು ಗುರುಪ್ರಕಾಶನ ಕೈಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಕಳಿಸಿದೆಯಲ್ಲ, ಅದಕ್ಕೇ ನನಗೆ ಇಷ್ಟು ಬರೆಯುವ ಧೈರ್ಯ ಬಂದಿದ್ದು. ಅದರಲ್ಲಿ ಅರ್ಧ ಮಹಡಿಗೆ ಹೋಯಿತು, ಬೈದುಕೋ. ಕಣ್ಣು ಮೂಗು ಸೋರಿಸಿಕೊಂಡು ಮೂವರೂ ತಿಂದರು. ಖಾಲಿಯಾದ ಜಾಡಿಯನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ನಿನ್ನದು ಅಂತ ತಿಳಿದು ಇಂಗ್ರಿಡ್ ಅದನ್ನು ಎರಡೆರಡು ಸಲ ತೊಳೆದು ಒರೆಸಿದಳು. "ಇದರಲ್ಲಿ ಏನು ಹಾಕಿದರೆ ತಪ್ಪಾಗಲ್ಲ, ಅಮ್ಮ?" ಅಂದಳು. ಸಕ್ಕರೆ ಹಾಕು ಅಂದೆ. ತುಂಬಿಸಿ, ತಟ್ಟೆಯಲ್ಲಿ ಇಟ್ಟು, ಗುರುಪ್ರಕಾಶನ ಮುಂದೆ ನೆಲಕ್ಕಿಟ್ಟು ಹಿಂದೆ ಸರಿದಳು. ಅವನು ಕುಣಿಗಲ್ಲಿನ ಡ್ಯೂಟಿಗೆ ಹೋಗುವಾಗ ಹಾಗೇ ಹುಲಿಯೂರುದುರ್ಗಕ್ಕೆ ಬಂದು ತಲುಪಿಸುತ್ತಾನೆ.

ಹದಿನೆಂಟಕ್ಕೆ ಶ್ರಾವಣದ ಕೊನೆಯ ಸೋಮವಾರ. ಬಾ. ಬಂದು ಅವಳನ್ನು ಒಂದು ಸಲ ಹತ್ತಿರದಿಂದ ನೋಡು. ಆಮೇಲೂ ಅವರು ಹೋಗಲಿ ಅಂತ ನಿನಗೆ ಅನ್ನಿಸಿದರೆ, ಅವರ ಡಬ್ಬಿಗಳಿಗೆ ನಾನೇ ದಾರ ಕಟ್ಟಿ ಕೊಡುತ್ತೇನೆ. ಎರಡು ಎಲೆ ಹಾಕಲೋ, ಒಂದೇ ಹಾಕಲೋ ತಿಳಿಸು. ಒಂದೇ ಸಾಲಾದರೂ ಸಾಕು, ಬೇಗ ಬರೆ.

ನಿನ್ನ ದಾರಿ ಕಾಯುವ ಅಕ್ಕ,
ಶಕುಂತಲಮ್ಮ

ಮರೆತಿದ್ದೆ: ಅವತ್ತು ಆ ಉಪ್ಪು ತಿಪ್ಪೆಗೆ ಹೋಗಲಿಲ್ಲ. ಬಿಳೀ ಕಲ್ಲುಪ್ಪು, ಎಸೆಯುವುದಕ್ಕೆ ನನ್ನ ಕೈ ಬರಲಿಲ್ಲ, ನಿನ್ನ ಹೊಸ ಅಡುಗೆಮನೆಯ ದೊಡ್ಡ ಜಾಡಿಗೆ ಸುರಿದು ಮುಚ್ಚಳ ಹಾಕಿ ಬಂದೆ. ಈ ವರ್ಷ ನೀನು ಉಪ್ಪಿನಕಾಯಿ ಹಾಕಿದ್ದು ಅದೇ ಉಪ್ಪಿನಲ್ಲಿ. ಯಾವ ವರ್ಷವೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ, ಬೂಷ್ಟೇ ಹಿಡಿದಿಲ್ಲ ಅಂತ ತ್ರಿವೇಣಿ ಹೇಳಿ ಕಳಿಸಿದ್ದಳು. ಮೂರು ತಿಂಗಳಿಂದ ಅವಳ ಉಪ್ಪು ನಿಮ್ಮ ತಟ್ಟೆಯಲ್ಲೂ ಇದೆ, ಅವರ ತಟ್ಟೆಯಲ್ಲೂ ಇದೆ, ನನ್ನದರಲ್ಲೂ ಇದೆ. ಬೈಯುವುದು ಬಹಳ ಇದ್ದರೆ ಕಾಗದ ಬೇಡ, ಸೋಮವಾರ ಬಂದೇ ಬೈಯಿ.