ನಮ್ಮ ಬೀದಿಗೆ ನೀವು ಕೊಟ್ಟ ಸೊನ್ನೆ

ಡೆಂಗಿ ಸಂಶೋಧನಾ ಯೋಜನೆಯ ಮಾನ್ಯ ಮುಖ್ಯಸ್ಥರೇ,

ನಿಮ್ಮ ವರದಿಯ ಇಪ್ಪತ್ತಮೂರನೇ ಪುಟದಲ್ಲಿ ನಮ್ಮ ಬೀದಿಯ ಮುಂದೆ ಒಂದು ಸೊನ್ನೆ ಇದೆ. ನೀವು ನೋಡಿದ ನಲವತ್ತೆರಡು ಮನೆಗಳಲ್ಲಿ ಒಂದರಲ್ಲೂ ಡೆಂಗಿ ಸೊಳ್ಳೆಯ ಮರಿಹುಳು ಸಿಗಲಿಲ್ಲ ಎಂದು ಅದರ ಅರ್ಥವಂತೆ. ಆ ಸೊನ್ನೆ ಸುಳ್ಳು. ಸುಳ್ಳು ಹೇಳಿದವರಲ್ಲಿ ನಾನೇ ಮೊದಲಿಗ. ಅದನ್ನು ತಿದ್ದಿ ಎಂದು ಕೇಳಲು ಮಂಡ್ಯದ ನಿಮ್ಮ ಕಚೇರಿಗೆ ಮೂರು ಸಲ ಬಂದೆ. ‘ದತ್ತಾಂಶ ಅಂತಿಮಗೊಂಡಿದೆ, ಇನ್ನು ಮುಟ್ಟುವಂತಿಲ್ಲ’ ಎಂದು ಮೂರು ಸಲವೂ ವಾಪಸು ಕಳಿಸಿದರು. ಆದ್ದರಿಂದ ನಾಲ್ಕು ಜನ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಆತಗೂರು ಹೋಬಳಿಯ ಒಂದು ಸಣ್ಣ ಊರಿನ ನೀರುಗಂಟಿ. ಬಿ.ಎ. ಓದಿ ಪಂಚಾಯ್ತಿಯ ವಾಲ್ವು ತಿರುಗಿಸುತ್ತೇನೆ. ಐದು ದಿನಕ್ಕೊಮ್ಮೆ ನೀರು ಬಿಡುವುದರಿಂದ ಪ್ರತಿ ಮನೆಯ ಮುಂದೆಯೂ ಎರಡು ನೀಲಿ ಡ್ರಮ್ಮುಗಳಿವೆ. ಡ್ರಮ್ಮಿನಲ್ಲಿ ಹುಳು ಮಿಜಿಗುಟ್ಟುವುದು, ಅದನ್ನು ಬಟ್ಟೆಯಲ್ಲಿ ಸೋಸಿಕೊಂಡು ಬಳಸುವುದು ನಮಗೆ ಹೊಸದಲ್ಲ. ಕಳೆದ ಮೇ ತಿಂಗಳಲ್ಲಿ ನಿಮ್ಮ ಕಚೇರಿಯಿಂದ ಪತ್ರ ಬಂತು: ‘ಬುಧವಾರ ವಿಜ್ಞಾನಿಗಳ ತಂಡ ಭೇಟಿ ನೀಡಲಿದ್ದು, ಗ್ರಾಮಸ್ಥರು ಸಹಕರಿಸತಕ್ಕದ್ದು.’ ಸಹಕರಿಸಿದೆವು ಸ್ವಾಮಿ, ಮನಸಾರೆ ಸಹಕರಿಸಿದೆವು. ಮಂಗಳವಾರ ನಮ್ಮ ಸರದಿ ಇರಲಿಲ್ಲ. ಆದರೂ ವಾಲ್ವು ತಿರುಗಿಸಿ ಎರಡು ತಾಸು ನೀರು ಬಿಟ್ಟೆ. ಮನೆಮನೆಗೂ ಹೋಗಿ ಡ್ರಮ್ಮು ಉಜ್ಜಲು ಹೇಳಿದೆ.

ಯಾಕೆ ಎಂದು ಕೇಳಬಹುದು. ನಮ್ಮದು ಊರಾಚೆಯ ಬೀದಿ. ‘ಅವರ ಬೀದಿ ಗಲೀಜು’ ಎಂಬ ಮಾತನ್ನು ಕೇಳಿಸಿಕೊಂಡೇ ಮೂರು ತಲೆಮಾರು ಬೆಳೆದವರು ನಾವು. ಎಂಬತ್ತರ ಶಿವನಂಜಮ್ಮ ಸೊಂಟ ಹಿಡಿದುಕೊಂಡು, ತೆಂಗಿನ ನಾರಿಗೆ ಬೂದಿ ಹಾಕಿ ತಿಕ್ಕುತ್ತಿದ್ದಳು. ‘ನೀನ್ಯಾಕಜ್ಜಿ, ಬುಡು, ನಾನ್ ಉಜ್ತೀನಿ’ ಎಂದೆ. ‘ಓದೋರು ಬರೆಯೋರು ಬತ್ತಾವ್ರೆ ಕಣ್ಲಾ ಕೆಂಪ. ನಮ್ ಬೀದಿ ನೋಡಿ ಮೂಗು ಮುಚ್ಕೊಂಡು ಓಗ್ಬಾರ್ದು’ ಎಂದಳು. ಬುಧವಾರ ನಿಮ್ಮವರು ಬಂದರು. ಟಾರ್ಚು ಬಿಟ್ಟರು, ಸೌಟಿನಲ್ಲಿ ಮೊಗೆದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹುಳುವೂ ಇಲ್ಲ, ಪಾಚಿಯೂ ಇಲ್ಲ. ‘ಮಾದರಿ ಬೀದಿ’ ಎಂದು ಹೊಗಳಿ ಫೋಟೋ ಹಿಡಿದುಕೊಂಡು ಹೋದರು. ಅಂತಹ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ಹಬ್ಬ ಮಾಡುವುದೊಂದು ಬಾಕಿ ಇತ್ತು.

ಆ ಸೊನ್ನೆಯಿಂದ ನಾವು ‘ಕಡಿಮೆ ಅಪಾಯ’ದ ಪಟ್ಟಿಗೆ ಸೇರಿದೆವು. ರಕ್ತ ಪರೀಕ್ಷೆಯ ಕಿಟ್ಟು, ಜ್ವರ ವಿಚಾರಿಸಿಕೊಂಡು ವಾರವಾರ ಬರುವ ಕಾರ್ಯಕರ್ತೆ, ಡೆಂಗಿ ಬಂದರೆ ಏನು ಮಾಡಬೇಕೆಂದು ತಿಳಿಸುವ ಸಭೆ, ಎಲ್ಲವೂ ಎರಡು ಮೈಲಿ ಆಚೆಯ ಊರಿಗೆ ಹೋದವು. ಅವರು ಡ್ರಮ್ಮು ಉಜ್ಜಿರಲಿಲ್ಲ. ಇತ್ತ ನಮ್ಮ ಬೀದಿಯ ಸೊಳ್ಳೆಗಳಿಗೆ ನಿಮ್ಮ ವರದಿ ಓದಲು ಬರಲಿಲ್ಲ. ಹದಿನೈದು ದಿನದಲ್ಲಿ ಡ್ರಮ್ಮುಗಳು ಮೊದಲಿನಂತೆಯೇ ಆದವು.

ಜುಲೈನಲ್ಲಿ ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗಳು ಶೋಭಿತಾಗೆ ಜ್ವರ ಬಂತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ‘ನಿಮ್ಮ ಊರು ಡೆಂಗಿ ಪಟ್ಟಿಯಲ್ಲಿಲ್ಲ, ಮಾಮೂಲಿ ಜ್ವರ’ ಎಂದು ಮಾತ್ರೆ ಕೊಟ್ಟರು. ಐದನೇ ದಿನ ಬೆಳಿಗ್ಗೆ ಮೈ ತಣ್ಣಗಾಯಿತು. ‘ಜರ ಬುಡ್ತು ಕಣೇಳಿ’ ಎಂದು ನನ್ನ ಹೆಂಡತಿ ವೀಣ ಅನ್ನ ತಿಳಿಸಾರು ಮಾಡಿದಳು. ನಾನು ಸಮಾಧಾನವಾಗಿ ವಾಲ್ವು ತಿರುಗಿಸಲು ಹೋದೆ. ಮಧ್ಯಾಹ್ನ ಹೊಟ್ಟೆ ನೋವೆಂದು ಮಗು ಮುದುಡಿಕೊಂಡಳು, ಕೈಕಾಲು ಹಿಮವಾದವು. ಆಟೋದಲ್ಲಿ ಮಂಡ್ಯಕ್ಕೆ ಹೊತ್ತುಕೊಂಡು ಹೋದೆವು. ಮಾರನೇ ದಿನ ಹನ್ನೊಂದು ಗಂಟೆಗೆ ಹೋಗಿಬಿಟ್ಟಳು. ಅಲ್ಲಿನ ವೈದ್ಯರು ಬೇಸರದಿಂದಲೇ ಕೇಳಿದರು: ‘ಡೆಂಗಿಯಲ್ಲಿ ಜ್ವರ ಇಳಿಯುವಾಗಲೇ ಅಪಾಯ. ನಿಮಗೆ ಯಾರೂ ಹೇಳಿರಲಿಲ್ಲವೇ?’ ಎರಡು ಮೈಲಿ ಆಚೆಯ ಸಭೆಯಲ್ಲಿ ಹೇಳಿದ್ದರಂತೆ. ಅವಳು ಸತ್ತ ಮೂರನೇ ದಿನ ಹೊಗೆ ಬಿಡುವ ಗಾಡಿ ನಮ್ಮ ಬೀದಿಗೆ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ.

ಮಾನ್ಯರೇ, ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಯಿದೆ ಎಂದು ಕಂಡುಹಿಡಿದವರು ನಿಮ್ಮಂತಹ ವಿಜ್ಞಾನಿಗಳು. ಸೊಳ್ಳೆ ಇಡುವ ಮೊಟ್ಟೆ ಒಣಗಿದ ಡ್ರಮ್ಮಿನಲ್ಲೂ ತಿಂಗಳುಗಟ್ಟಲೆ ಬದುಕಿರುತ್ತದೆ ಎಂಬುದೂ ನಿಮಗೆ ಗೊತ್ತು. ಬರುತ್ತೇವೆಂದು ಹೇಳಿ ಕಳಿಸಿದರೆ ಬಡವರು ಮನೆ ಚೊಕ್ಕಟ ಮಾಡಿಕೊಂಡು ಕಾಯುತ್ತಾರೆ ಎಂಬುದು ಮಾತ್ರ ಗೊತ್ತಿರಲಿಲ್ಲವೇ? ಒಂದೇ ಬೀದಿಯ ಎಂಬತ್ತನಾಲ್ಕು ಡ್ರಮ್ಮುಗಳು ಒಂದೇ ದಿನ ಹೊಳೆಯುತ್ತಿದ್ದರೆ ನಿಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ನಾನು ಸಂಶೋಧನೆಯ ವಿರೋಧಿಯಲ್ಲ. ಇನ್ನೂ ನಡೆಯಲಿ ಎನ್ನುವವನು. ಹೇಳದೆ ಕೇಳದೆ ಬನ್ನಿ, ಮಳೆಗಾಲದಲ್ಲಿ ಬನ್ನಿ, ನಾವು ಹೇಗಿದ್ದೇವೋ ಹಾಗೇ ನೋಡಿ. ನಮಗೆ ನಾಚಿಕೆಯಾದರೂ ಚಿಂತೆಯಿಲ್ಲ.

ಒಂದು ಮಾತನ್ನು ಇಷ್ಟು ಹೊತ್ತು ಬರೆಯಲಾಗದೆ ತಪ್ಪಿಸಿಕೊಂಡೆ. ನಿಮ್ಮ ತಂಡದ ಮೇಡಂ ನಮ್ಮ ಮನೆಯ ಡ್ರಮ್ಮಿಗೆ ಟಾರ್ಚು ಬಿಟ್ಟಾಗ ಶೋಭಿತಾ ಪಕ್ಕದಲ್ಲೇ ನಿಂತಿದ್ದಳು. ‘ಮೇಡಂ, ಇದು ನೆನ್ನೆ ಉಜ್ಜಿರೋದು. ಮೊನ್ನೆ ಬಂದಿದ್ರೆ ಉಳ ತುಂಬ್ಕೊಂಡಿದ್ದೊ’ ಎಂದಳು. ಮೇಡಂ ನಕ್ಕು, ‘ನಾವು ಕಂಡದ್ದನ್ನ ಮಾತ್ರ ಬರೀಬೇಕು ಪುಟ್ಟಿ’ ಎಂದರು. ನಾನು ಅವಳ ತೋಳು ಹಿಡಿದು, ‘ಸುಮ್ಕಿರವ್ವ, ಬಂದೋರ್ ಮುಂದೆ ಮರ್ವಾದೆ ಕಳೀಬ್ಯಾಡ’ ಎಂದು ಗದರಿ ಒಳಗೆ ಕಳಿಸಿದೆ.

ಸೊನ್ನೆಯನ್ನು ಅಳಿಸಲು ನಿಯಮ ಬಿಡದಿದ್ದರೆ ಬೇಡ, ಬಿಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿ: ‘ಡ್ರಮ್ಮುಗಳನ್ನು ಹಿಂದಿನ ದಿನ ಉಜ್ಜಲಾಗಿತ್ತೆಂದು ಆ ಬೀದಿಯ ಒಬ್ಬ ಹುಡುಗಿ ಸಮೀಕ್ಷೆಯ ದಿನವೇ ತಿಳಿಸಿದ್ದಳು.’ ನಲವತ್ತೆರಡು ಮನೆಗಳಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಅಪ್ಪನಾಗಿ ನಾನು ಅವಳ ಬಾಯಿ ಮುಚ್ಚಿಸಿದೆ. ನೀವಾದರೂ ಅವಳು ಹೇಳಿದ್ದನ್ನು ಬರೆದುಕೊಳ್ಳಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಸೊಳ್ಳೆಯೇ ಇಲ್ಲದ ಬೀದಿಯ ನೀರುಗಂಟಿ,
ಕೆಂಪರಾಜು, ಬಿ.ಎ.
ಆತಗೂರು ಹೋಬಳಿ, ಮದ್ದೂರು ತಾಲ್ಲೂಕು